ಅಮ್ಮೋರ ಲಾಕರು

ಚೌಡಮ್ಮ ತನ್ನ ಒಡವೆಯನ್ನು ವಾಪಸ್ ಕೇಳಿದ್ದು ಮೂರು ಸಲ.

ಮೊದಲ ಸಲ ಕೇಳಿದಾಗ ಕಾಫಿ ಹಣ್ಣಿನ ಕುಯ್ಲು ಆಗಷ್ಟೇ ಶುರುವಾಗಿತ್ತು. ಬೆಳಗಿನ ಇಬ್ಬನಿಗೆ ಸೀರೆ ಮಂಡಿತನಕ ತೊಯ್ದು, ಮಧ್ಯಾಹ್ನ ಮೈಮೇಲೇ ಒಣಗಿತ್ತು. ಚಗಳಿ ಇರುವೆ ಕಚ್ಚಿ ಕುತ್ತಿಗೆಯೆಲ್ಲ ದದ್ದು. ಸಂಜೆ ತೂಕದ ಹತ್ತಿರ ಚೀಲ ಇಳಿಸಿದವಳು ನೆಟ್ಟಗೆ ಬಂಗಲೆಯ ಹಿಂಬಾಗಿಲಿಗೆ ಹೋದಳು.

"ಅಮ್ಮೋರೆ, ಮಗಳಿಗೆ ಮದ್ವೆ ಗೊತ್ತಾಯ್ತು. ಮಗ್ಗೆ ಕಡೆ ಹುಡ್ಗ. ನನ್ನ ಗುಂಡಿನ ಸರ, ಕಾಲುಕಡಗ ಬೇಕಾಗಿತ್ತು."

ಎಸ್ಟೇಟಿನ ಮಾಲೀಕರ ಹೆಂಡತಿ ಸುಮಿತ್ರಮ್ಮ ನಕ್ಕರು. "ಒಳ್ಳೇದಾಯ್ತು ಬುಡು ಚೌಡಿ. ಸಾವ್ಕಾರ್ರು ಪೇಟೆಗೆ ಹೋದಾಗ ತರುಸ್ತೀನಿ."

ಎರಡನೇ ಸಲ ಕೇಳಿದಾಗ ಸುಮಿತ್ರಮ್ಮ ನಗಲಿಲ್ಲ. ಮೂರನೇ ಸಲ ಮಾತಾಡಿದ್ದು ಬಸವರಾಜು ಸಾವ್ಕಾರರೇ.

"ಇವತ್ತು ನಿಂಗೆ ಕೊಟ್ರೆ ನಾಳೆ ಎಲ್ರೂ ಬಂದು ನಿಂತ್ಕತೀರ. ಕೈಗೆ ಸಿಕ್ಕಿದ್ದೇ ತಡ ಗಂಟುಮೂಟೆ ಕಟ್ತೀರ. ಗಿಡದಾಗೆ ಹಣ್ಣು ನಾನೊಬ್ನೇ ಕುಯ್ಲಾ? ಕುಯ್ಲು ಮುಗೀಲಿ."

ಮಗಳು ನಯನಾಳ ಮದುವೆ ಡಿಸೆಂಬರಿನಲ್ಲಿ ಆಳುಗಳು ಇರುವ ಲೈನುಮನೆಗಳ ಮುಂದೆ ಚಪ್ಪರ ಹಾಕಿ ನಡೆಯಿತು. ಅರಿಶಿನ ದಾರಕ್ಕೆ ಕೊಂಬು ಕಟ್ಟಿದರು. ಬೀಗಿತ್ತಿ ಹುಡುಗಿಯ ಕತ್ತನ್ನು ಒಂದು ಸಲ ನೋಡಿದಳು. ಆಮೇಲೆ ಚೌಡಮ್ಮನನ್ನು ನೋಡಿದಳು. ಅನ್ನುವುದನ್ನೆಲ್ಲ ಮಗ್ಗೆಗೆ ಹೋದ ಮೇಲೆ ಸೊಸೆಗೆ ಅಂದಳು.

ಒಡವೆ ಬಂಗಲೆಗೆ ಹೋಗಿದ್ದು ಮೂರು ವರ್ಷದ ಹಿಂದೆ. ಕಾಫಿ ರೇಟು ಮುಗಿಲು ಮುಟ್ಟಿದ್ದ ಕಾಲ ಅದು. ಬೆಳಗೋಡಿನ ಸುತ್ತಮುತ್ತ ಆಳು ಸಿಗುತ್ತಿರಲಿಲ್ಲ. ಒಂದು ಎಸ್ಟೇಟಿನವರು ಇನ್ನೊಂದು ಎಸ್ಟೇಟಿನ ಲೈನಿಗೆ ಜೀಪು ಕಳಿಸಿ ಆಳು ಎಬ್ಬಿಸಿಕೊಂಡು ಹೋಗುತ್ತಿದ್ದರು. ಆಗಲೇ ಒಂದು ದಿನ, ಎಲ್ಲರೂ ತೋಟದಲ್ಲಿದ್ದಾಗ, ಯಾರೋ ಹೆಂಚು ಸರಿಸಿ ಲೈನಿನ ಒಂದು ಮನೆಗೆ ಇಳಿದು ಮೂಗುಬಟ್ಟು ಕದ್ದರು. ಮಾರನೆಯ ದಿನ ಸುಮಿತ್ರಮ್ಮ ಲೈನಿಗೆ ಬಂದರು. ಆ ಮಣ್ಣಿನ ಮೇಲೆ ಅವರು ಕಾಲಿಟ್ಟಿದ್ದು ಅದೇ ಮೊದಲು.

"ಪೇಟೆ ಸೊಸೈಟಿ ಬ್ಯಾಂಕ್ನಾಗೆ ನಮ್ದು ಲಾಕರ್ ಐತೆ. ನಿಮ್ದೂ ಅಲ್ಲೇ ಇಡಾನ. ಬೇಕಾದಾಗ ಕೇಳಿ ಇಸ್ಕೊಳ್ಳಿ. ನೀವು ನಮ್ಮನೆ ಮಕ್ಳಿದ್ದಂಗಲ್ವಾ?"

ಹನ್ನೊಂದು ಹೆಂಗಸರು ಕೊಟ್ಟರು. ಒಬ್ಬೊಬ್ಬಳೂ ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ, ಗಂಟಿಗೆ ಬೇರೆ ಬೇರೆ ಬಣ್ಣದ ದಾರ ಸುತ್ತಿ ಕೊಟ್ಟಳು. ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಹಿಡಿಸಿತು. ಹನ್ನೊಂದು ಸಂಸಾರದ ಚಿನ್ನ, ಬೆಳ್ಳಿ ಒಂದು ಡಬ್ಬಿ ತುಂಬಲಿಲ್ಲ.

ಚೌಡಮ್ಮನ ಸರದಲ್ಲಿ ಹನ್ನೆರಡು ಗುಂಡು. ನಾಲ್ಕು ಅವಳ ಅವ್ವನವು. ಮಿಕ್ಕ ಎಂಟನ್ನು ಎರಡು ಕುಯ್ಲಿನಲ್ಲಿ ಕೂಲಿಯ ಮೇಲೆ ಹೆಚ್ಚುವರಿ ಹಣ್ಣು ಕುಯ್ದು, ಪೇಟೆಯ ಅಕ್ಕಸಾಲಿಯ ಹತ್ತಿರ ಎರಡೆರಡಾಗಿ ಮಾಡಿಸಿದ್ದು. ಅವ್ವನ ಗುಂಡಿಗಿಂತ ಇವು ಕೆಂಪು ಜಾಸ್ತಿ, ತಾಮ್ರ ಬೆರೆಸಿದ್ದ.

ಪಕ್ಕದ ಮನೆಯ ಭೂತಮ್ಮ ವಿಧವೆ, ವಯಸ್ಸಾದವಳು. ಅವಳು ಕೊಟ್ಟಿದ್ದು ಒಂದು ಜೊತೆ ಓಲೆ. ಮರುವರ್ಷ ಮಗ್ಗೆ ಆಚೆಯ ಎಸ್ಟೇಟಿನವರು ಅವಳ ಮಗನಿಗೆ ದಿನಕ್ಕೆ ಹತ್ತು ರೂಪಾಯಿ ಹೆಚ್ಚು ಕೊಡುತ್ತೇವೆಂದು ಕರೆದರು. ಭೂತಮ್ಮ ಓಲೆ ಕೇಳಲು ಹೋದಳು. "ಹೋಗೋರು ಹೋಗ್ಲಿ, ಓಲೆ ಆಮೇಲೆ ನೋಡಾನ" ಎಂದರು ಸಾವ್ಕಾರ್ರು. ಮಗ ಹೋಗಲಿಲ್ಲ. ಯಾರೂ ಹೋಗಲಿಲ್ಲ. ಹಗ್ಗವಿಲ್ಲದೆ ಹನ್ನೊಂದು ಸಂಸಾರವನ್ನು ಗೂಟಕ್ಕೆ ಕಟ್ಟಿದ್ದು ಹೇಗೆ ಎಂದು ಚೌಡಮ್ಮನಿಗೆ ಅರ್ಥವಾಗಿದ್ದು ಆವತ್ತು. ಅರ್ಥವಾದ ಮೇಲೆ ಮಾಡುವುದಕ್ಕೇನೂ ಇರಲಿಲ್ಲ.

ಜನವರಿ ಕೊನೆಯ ಭಾನುವಾರ ಬ್ಯಾಂಕು ಒಡೆದರು. ಸೋಮವಾರ ಬೆಳಿಗ್ಗೆ ಸುದ್ದಿ ಬಂತು. ಪಕ್ಕದ ಖಾಲಿ ಗೋಡೌನಿನ ಕಡೆಯಿಂದ ಗೋಡೆ ಕೊರೆದು, ಗ್ಯಾಸಿನಲ್ಲಿ ಕಬ್ಬಿಣ ಕುಯ್ದು, ನಲವತ್ತು ಚಿಲ್ಲರೆ ಲಾಕರು ಬರಿದು ಮಾಡಿದ್ದರು. ರೈಲು ನಿಂತು ಮೂರು ವರ್ಷವಾಗಿದ್ದ ಹಳಿ ಹಿಡಿದು ಎಡಕುಮೇರಿ ಮೇಲೆ ಘಟ್ಟ ಇಳಿದು ಹೋದರಂತೆ ಎಂದರು ಕೆಲವರು. ಪೊಲೀಸರಿಗೆ ಅದೂ ಗೊತ್ತಿರಲಿಲ್ಲ.

ಚೌಡಮ್ಮ ಒಂದು ದಿನದ ಕೂಲಿ ಬಿಟ್ಟು, ಭೂತಮ್ಮನನ್ನು ಕರೆದುಕೊಂಡು ಸಕಲೇಶಪುರಕ್ಕೆ ಹೋದಳು. ಬ್ಯಾಂಕಿನ ಮುಂದೆ ಜನ. ರಿಟೈರಾದ ಮೇಷ್ಟ್ರೊಬ್ಬರು ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ಬ್ಯಾಂಕಿನ ಕ್ಯಾಶಿಗೆ ಇನ್ಶೂರೆನ್ಸ್ ಇದೆ. ಲಾಕರಿಗೆ ಇಲ್ಲ. ಒಳಗೆ ನೀವೇನಿಟ್ಟಿದ್ರಿ ಅಂತ ನಮಗೆ ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ. ಸಹಿ ಹಾಕಿದ ಕಾಗದದಲ್ಲೇ ಬರೆದಿದೆ, ಓದ್ಕೊಳ್ಳಿ."

"ಅಂದ್ರೆ ನಿಮ್ಮ ದುಡ್ಡಿಗೆ ಕಾವಲು, ನಮ್ಮ ದುಡ್ಡಿಗೆ ಕೊಳೆತ ಗೋಡೆ" ಎಂದರು ಮೇಷ್ಟ್ರು. ಮ್ಯಾನೇಜರ್ ಕೇಳಿಸದವನಂತೆ ಆಚೆ ತಿರುಗಿದ.

ಚೌಡಮ್ಮ ಜನರ ನಡುವೆ ತೂರಿ ಮುಂದೆ ಬಂದಳು. "ಸ್ವಾಮಿ, ಬಸವರಾಜು ಸಾವ್ಕಾರ್ರ ಲಾಕರು?"

"ನಿನ್ನ ಲಾಕರ್ ನಂಬರ್ ಎಷ್ಟು?"

"ಲಾಕರು ನಂದಲ್ಲ. ಅದ್ರೊಳಗೆ ನಂದೈತೆ."

ಹಿಂದಿದ್ದ ಯಾರೋ ನಕ್ಕರು. "ಹಾಗಾದ್ರೆ ಅವರನ್ನೇ ಕೇಳಮ್ಮ" ಎಂದ ಮ್ಯಾನೇಜರ್. "ನಮ್ಮ ಲೆಕ್ಕದಲ್ಲಿ ನೀನಿಲ್ಲ."

ಮಾರನೆಯ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಸಾವ್ಕಾರ್ರು ಸ್ಟೋರಿನ ಮುಂದೆ ಬಂದು ನಿಂತರು. ದನಿ ಸಣ್ಣಗೆ ಮಾಡಿಕೊಂಡು ಮಾತಾಡಿದರು.

"ಲಾಕರ್‌ಗೆ ಇನ್ಶೂರೆನ್ಸ್ ಇಲ್ವಂತೆ. ಯಾರ್ಗೂ ಒಂದ್ ಪೈಸ ಬರಾಕಿಲ್ಲ. ಅಮ್ಮೋರ ಒಡವೇನೂ ಹೋಯ್ತು. ಈಗ ನಾವೂ ನೀವೂ ಒಂದೇ. ಹಣೇಬರ, ಏನ್ ಮಾಡೋದು. ಹೋಗಿ, ಕೆಲ್ಸ ನೋಡ್ಕೊಳ್ಳಿ."

ಅದೇ ಸಂಜೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಯ್ಯ ಪುಸ್ತಕ ಹಿಡಿದು ಲೈನಿಗೆ ಬಂದ. ಪೊಲೀಸ್ ಕಂಪ್ಲೇಂಟಿಗೆ ಬೇಕು, ಯಾರ್‍ಯಾರದ್ದು ಏನೇನು ಹೋಯ್ತು ಬಿಡಿಸಿ ಹೇಳಿ ಎಂದ. ಹೆಂಗಸರು ಹೇಳಿದರು. ಹೋದ ಒಡವೆಯನ್ನು ಬಾಯಲ್ಲಿ ಹೇಳುವಾಗ ಅಳು ಬಂತು. ಅಳುತ್ತಲೇ ತೂಕ ಹೇಳಿದರು, ಗುರುತು ಹೇಳಿದರು, ಹೆಬ್ಬೆಟ್ಟು ಒತ್ತಿದರು. ಅಕ್ಕಸಾಲಿ ಬರೆದುಕೊಟ್ಟ ಚೀಟಿ ಇದ್ದರೆ ಕೊಡಿ ಎಂದ. ಚೌಡಮ್ಮ ಅಕ್ಕಿ ಡಬ್ಬದ ತಳದಿಂದ ತೆಗೆದು ಕೊಟ್ಟಳು. ಚೀಟಿಯಲ್ಲಿ ತೂಕವಿತ್ತು. ತಾರೀಕಿರಲಿಲ್ಲ, ಹೆಸರಿರಲಿಲ್ಲ. ಆಳುಗಳ ಹೆಸರನ್ನು ಅಕ್ಕಸಾಲಿ ಬರೆಯುತ್ತಿರಲಿಲ್ಲ.

ಯುಗಾದಿಗೆ ನಯನಾ ತವರಿಗೆ ಬಂದಳು. ಹಬ್ಬ ಮುಗಿದು ನಾಲ್ಕನೆಯ ದಿನ ಚೌಡಮ್ಮನಿಗೆ ಬಂಗಲೆಯ ಕಣದಲ್ಲಿ ಮೆಣಸು ಒಣಗಿಸುವ ಕೆಲಸ. ಬಿಸಿಲಿಗೆ ಕಣ ಕಾದ ಹೆಂಚಾಗಿತ್ತು. ಅವಳು ಕಾಲಲ್ಲಿ ಮೆಣಸು ಸಾಲು ಮಾಡುತ್ತಾ ಹೋಗುವಾಗ ಒಂದು ಕಾರು ಬಂತು. ಪ್ಯಾಂಟು ಶರ್ಟಿನವನೊಬ್ಬ ಇಳಿದು ಜಗುಲಿಯ ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದ. ಸಾವ್ಕಾರ್ರು ಅವನನ್ನು 'ಸರ್ವೇಯರ್ ಸಾಹೇಬ್ರೆ' ಎಂದು ಕರೆದರು. ಕಾಫಿ ಬಂತು, ಗೋಡಂಬಿ ಬಂತು.

"ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಲಾಕರ್‌ನಲ್ಲಿಟ್ಟ ಮನೆಯವರ ಒಡವೆಯೂ ಸೇರುತ್ತೆ. ಅದು ಸರಿ ಇದೆ" ಎಂದ ಬಂದವನು. "ನಷ್ಟದ ಪಟ್ಟಿ ಓದ್ತೀನಿ. ಮೇಡಂ, ಒಂದೊಂದಾಗಿ ಹೇಳ್ತಾ ಹೋಗಿ. ಓಲೆ ಒಂದು ಜೊತೆ, ಎಡಗಡೆಯದರಲ್ಲಿ ಹರಳು ಇಲ್ಲ."

"ನಂದೇ. ಹಳೇದು."

"ಬೆಳ್ಳಿ ಕಾಲುಕಡಗ. ಇದನ್ನ ನೀವು ಹಾಕ್ಕೋತಿದ್ರಾ?"

"ಹಬ್ಬಕ್ಕೆ ಯಾವಾಗ್ಲಾದ್ರೂ... ನಮ್ಮತ್ತೇರದ್ದು ಅದು."

"ಗುಂಡಿನ ಸರ, ಹನ್ನೆರಡು ಗುಂಡು. ಎಂಟರ ಬಣ್ಣ ಬೇರೆ ಅಂತ ಬರೆದಿದೆ. ಯಾಕೆ ಬೇರೆ?"

ಸುಮಿತ್ರಮ್ಮ ಗಂಡನ ಮುಖ ನೋಡಿದರು. "ಅದೂ ಅತ್ತೇರದ್ದೇ" ಎಂದರು ಸಾವ್ಕಾರ್ರು. "ಹಳೇ ಕಾಲದ್ದು. ಚೀಟಿ ಇಟ್ಟಿದೀನಿ ನೋಡಿ."

ಮೆಣಸಿನ ಮೇಲೆ ಚೌಡಮ್ಮನ ಕಾಲು ನಿಂತಿತು. ಬಿಸಿಲೂ ಗೊತ್ತಾಗಲಿಲ್ಲ, ಉರಿಯೂ ಗೊತ್ತಾಗಲಿಲ್ಲ. ಎಂಟು ಗುಂಡಿಗೆ ಎರಡು ವರ್ಷ ಬೆರಳು ಸೀಳಿಸಿಕೊಂಡಿದ್ದಳು. ಈಗ ಅದನ್ನು ಮಾಡಿಸಿದವಳು ಸತ್ತು ಇಪ್ಪತ್ತು ವರ್ಷವಾದ ಒಬ್ಬ ಸಾವ್ಕಾರ್ತಿ. ಇನ್ಶೂರೆನ್ಸ್ ಯಾರಿಗೂ ಇಲ್ಲ ಎಂದಿದ್ದರು. ಇವರಿಗಿತ್ತು.

ಬಂದವನು ಪೆನ್ನು ಕೆಳಗಿಟ್ಟ. "ಇದು ಈ ಮನೆಯದೇ ಅಂತ ನೋಡಿದವರು ಯಾರಾದ್ರೂ ಬೇಕು. ಕೆಲಸದವರಾದ್ರೂ ಆಗುತ್ತೆ. ನಾಳೆ ಬೆಳಿಗ್ಗೆ ಬಂದು ಹೇಳಿಕೆ ಬರ್ಕೋತೀನಿ."

ಕಾರು ಹೋದ ಮೇಲೆ ಸಾವ್ಕಾರ್ರು ಕಣಕ್ಕೆ ಇಳಿದು ಬಂದರು. ಅವಳ ಮುಖ ನೋಡಿದ ಕೂಡಲೇ ಅವಳು ಕೇಳಿಸಿಕೊಂಡಿದ್ದಾಳೆ ಎಂದು ಗೊತ್ತಾಯಿತು.

"ನೋಡು ಚೌಡಿ, ಬಿಡಿಸಿ ಹೇಳ್ತೀನಿ. ನಿಮ್ದು ಅಂತ ಹೇಳಿದ್ರೆ ಕಂಪನಿಯೋರು ನಿಮ್ಗೂ ಕೊಡಾಕಿಲ್ಲ, ನಂಗೂ ಕೊಡಾಕಿಲ್ಲ. ನಮ್ದು ಅಂದ್ರೆ ದುಡ್ಡು ಬತ್ತದೆ. ಬಂದದ್ರಲ್ಲಿ ಅರ್ಧ ನಿಮ್ಗೆ. ನಾಳೆ ನೀನು ಬಂದು, ಅಮ್ಮೋರು ಇವನ್ನೆಲ್ಲ ಹಾಕ್ಕಂಡಿದ್ದು ನೋಡಿದೀನಿ ಅಂತ ಒಂದ್ ಮಾತು ಹೇಳ್ಬುಡು. ಮೂವತ್ತು ವರ್ಷದಿಂದ ಇಲ್ಲಿದೀಯ, ನಿನ್ನ ಮಾತು ನಂಬ್ತಾನೆ."

ಚೌಡಮ್ಮ ತಲೆ ತಗ್ಗಿಸಿಕೊಂಡೇ, "ಎಲ್ರನ್ನೂ ಕೇಳಿ ಹೇಳ್ತೀನಿ" ಎಂದಳು.

"ಕೇಳೋದೇನೈತೆ ಅದ್ರಾಗೆ?"

"ಹನ್ನೊಂದು ಜನದ್ದು ಐತಲ್ಲ."

ಸಂಜೆ ಹನ್ನೊಂದು ಹೆಂಗಸರು ಚೌಡಮ್ಮನ ಮನೆಯ ಮುಂದೆ ಸೇರಿದರು. ಅವಳು ಜಗುಲಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ಎಲ್ಲರೂ ಒಟ್ಟಿಗೇ ಬೈದರು. ಬೈದು ಸುಸ್ತಾದ ಮೇಲೆ ಭೂತಮ್ಮ ಹೇಳಿದಳು: "ಬೈದ್ರೆ ಓಲೆ ಬತ್ತದಾ? ಅರ್ಧ ಅಂದ್ರೆ ಅರ್ಧ ಕಣೇ ಚೌಡಿ. ನಾನು ಸತ್ರೆ ಮಣ್ಣು ಮಾಡಾಕಾರೂ ಆಯ್ತದೆ. ಇಸ್ಕಂಬುಡಾನ."

ಚೌಡಮ್ಮನ ಗಂಡ ಜವರಪ್ಪನೂ ಅದನ್ನೇ ಅಂದ. ಅವನು ತೋಟದಲ್ಲಿ ನೆರಳಿನ ಮರ ಹತ್ತಿ ಕೊಂಬೆ ಸವರುವ ಮರಗಸಿ ಕೆಲಸದವನು. ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಹೆಚ್ಚು ಮಾತಿಲ್ಲ. "ಸಾವ್ಕಾರ್ರ ಎದುರು ಹಾಕ್ಕಂಡ್ರೆ ನಾಳೆ ಲೈನ್ ಬುಡಿ ಅಂತಾರೆ. ಎಲ್ಲಿಗೆ ಹೋಗಾನ?"

ಚೌಡಮ್ಮ ಮಗಳ ಕಡೆ ನೋಡಿದಳು. ಅರ್ಧ ಅಂದರೆ ಆರು ಗುಂಡು. ಆರು ಗುಂಡು ಮಗ್ಗೆಯ ಬಾಯನ್ನು ಅರ್ಧವಾದರೂ ಮುಚ್ಚಿಸೀತು.

"ಆರು ತಂದ್ರೆ ನಮ್ಮತ್ತೆ ಇನ್ನಾರು ಎಲ್ಲಿ ಅಂತಾಳೆ. ಅವಳ್ದು ಬುಡವ್ವ" ಎಂದಳು ನಯನಾ. ಎಸ್ಸೆಸ್ಸೆಲ್ಸಿ ಪಾಸಾದವಳು ಆ ಲೈನಿನಲ್ಲಿ ಅವಳೊಬ್ಬಳೇ. "ಅರ್ಧ ಕೊಡ್ತೀನಿ ಅಂತಾವ್ರಲ್ಲ, ಬರ್ದು ಕೊಡ್ಲಿ. ಬರ್ದು ಕೊಟ್ರೆ ಕೊಡ್ತಾರೆ ಅಂತ. ಕೊಡದೇ ಇದ್ರೆ ಏನಂತ ನಿಮ್ಗೇ ತಿಳೀತದೆ."

ಎಲ್ಲರಿಗೂ ಅದು ಸರಿ ಕಂಡಿತು. ಸುಬ್ಬಯ್ಯನ ಕೈಲಿ ಹೇಳಿ ಕಳಿಸಿದರು. ಅರ್ಧ ಗಂಟೆಯಲ್ಲಿ ಸಾವ್ಕಾರ್ರೇ ಲೈನಿಗೆ ಬಂದರು. ಈ ಸಲ ದನಿ ಸಣ್ಣಗಿರಲಿಲ್ಲ.

"ಯಾವಳೇ ಅದು ಬರ್ದು ಕೊಡಿ ಅಂದೋಳು? ನನ್ನ ಮಾತಿಗಿಂತ ಕಾಗ್ದ ಹೆಚ್ಚಾ ನಿಮ್ಗೆ?"

"ನಾನೇ ಅಂದಿದ್ದು" ಎಂದಳು ಚೌಡಮ್ಮ. "ಮಾತೇ ಸಾಕು ಅಂದ್ರೆ ನಮ್ಮ ಹೆಬ್ಬೆಟ್ಟು ಯಾಕ್ ಬೇಕಾಗಿತ್ತು ಸಾವ್ಕಾರ್ರೆ? ನಮ್ಮ ಮಾತೂ ಸಾಕಾಗ್ಬೇಕಿತ್ತಲ್ಲ."

"ಎದುರು ಮಾತಾಡ್ತೀಯ? ನಾಳೆ ಬಂದು ಹೇಳೋದು ಹೇಳಿದ್ರೆ ಸರಿ. ಇಲ್ದಿದ್ರೆ ಸೂರ್ಯ ಮುಳುಗೋದ್ರೊಳಗೆ ನಿನ್ನ ಪಾತ್ರೆ ಪಗಡ ರಸ್ತೆ ಮೇಲಿರ್ತದೆ." ಹೋಗುವಾಗ ನಯನಾಳ ಕಡೆ ತಿರುಗಿ, "ನಿಮ್ಮನ್ನ ಓದ್ಸಾಕೆ ಬುಟ್ಟಿದ್ದೇ ತಪ್ಪಾಯ್ತು" ಎಂದರು.

ಅವರು ಹೋದ ಮೇಲೆ ಭೂತಮ್ಮ ನೆಲ ನೋಡುತ್ತಾ ಕೂತಿದ್ದಳು. ಆಮೇಲೆ ನಿಧಾನವಾಗಿ ಹೇಳಿದಳು. "ಅವ್ನು ಕೊಡಾಕಿಲ್ಲ ಕಣೇ. ಕೊಡೋನಾಗಿದ್ರೆ ಇಷ್ಟ್ ಕೂಗ್ತಿರ್ಲಿಲ್ಲ." ಬೆರಳು ಮಡಿಸಿ ದಿನ ಲೆಕ್ಕ ಹಾಕಿ, "ಬ್ಯಾಂಕ್ ಒಡೆದಿದ್ದು ಭಾನ್ವಾರ ತಾನೆ? ಅದ್ರ ಹಿಂದಿನ್ ಗುರ್‍ವಾರ ಅಮ್ಮೋರು ಪೇಟೆಗೆ ಹೋಗಿ ತಮ್ಮ ಒಡವೆ ತಂದಿದ್ರು. ಶನ್ವಾರ ಹಾಸನದ ಮದ್ವೆಗೆ ಮೈತುಂಬ ಹಾಕ್ಕಂಡು ಜೀಪ್ ಹತ್ತಿದ್ದು ನಾನೇ ನೋಡಿದೀನಿ. ಅವತ್ತು ನಾನು ಅಂಗ್ಳ ಗುಡಿಸ್ತಿದ್ದೆ" ಎಂದಳು.

ಆಗ ಎಲ್ಲರಿಗೂ ತಿಳಿಯಿತು. ಕಳ್ಳರು ಲಾಕರ್ ಕುಯ್ದಾಗ ಅದರಲ್ಲಿ ಇದ್ದದ್ದು ಬಿಸ್ಕತ್ತಿನ ಡಬ್ಬಿ ಒಂದೇ. ಗುರುವಾರ ಅದೇ ಬಾಗಿಲು ತೆಗೆದ ಕೈ ಚೌಡಮ್ಮನ ಗಂಟನ್ನೂ ತರಬಹುದಿತ್ತು. ತರಲಿಲ್ಲ. ಕುಯ್ಲು ಇನ್ನೂ ಮುಗಿದಿರಲಿಲ್ಲ.

ಬೆಳಿಗ್ಗೆ ಸರ್ವೇಯರ್ ಬಂದ. ಚೌಡಮ್ಮನೊಬ್ಬಳೇ ಬರುತ್ತಾಳೆ ಎಂದು ಸಾವ್ಕಾರ್ರು ಅಂದುಕೊಂಡಿದ್ದರು. ಹನ್ನೊಂದು ಹೆಂಗಸರೂ ಬಂದರು, ಜೊತೆಗೆ ನಯನಾ. ಸುಬ್ಬಯ್ಯ ಗೇಟಿನಲ್ಲಿ ತಡೆಯಲು ನೋಡಿದ. ಅವರು ಅವನನ್ನು ಸುತ್ತಿ ನಡೆದು ಬಂದು ಜಗುಲಿಯ ಕೆಳಗೆ ನಿಂತರು.

"ನೀನೇನಾ ಚೌಡಮ್ಮ?" ಸರ್ವೇಯರ್ ಕೇಳಿದ. "ಈ ಪಟ್ಟಿಯಲ್ಲಿರೋ ಒಡವೆಗಳನ್ನ ಮೇಡಂ ಹಾಕ್ಕೊಂಡಿದ್ದು ನೀನು ನೋಡಿದೀಯಾ?"

ಸಾವ್ಕಾರ್ರು ಕೆಮ್ಮಿದರು. ಸುಮಿತ್ರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಸೂರು ಹೋಗುತ್ತದೆ, ಅರ್ಧವೂ ಹೋಗುತ್ತದೆ. ಎಲ್ಲ ಗೊತ್ತಿದ್ದೇ ಚೌಡಮ್ಮ ಬಂದಿದ್ದಳು.

"ಅಮ್ಮೋರು ಹಾಕ್ಕಂಡಿದ್ದು ನಾನು ನೋಡಿಲ್ಲ ಸಾರ್" ಎಂದಳು. "ನಾನು ಹಾಕ್ಕಂಡಿದ್ದು ಅಮ್ಮೋರು ನೋಡವ್ರೆ."

"ಅಂದ್ರೆ?"

"ಗುಂಡು ನಂದು. ನಾಲ್ಕು ನಮ್ಮವ್ವಂದು, ಎಂಟು ನಾನು ಮಾಡ್ಸಿದ್ದು. ಅಕ್ಕಸಾಲಿ ತಾಮ್ರ ಹೆಚ್ಚು ಹಾಕ್ಬುಟ್ಟ, ಅದ್ಕೇ ಬಣ್ಣ ಬೇರೆ. ಕಡಗಾನೂ ನಂದೇ."

"ಹರಳು ಬಿದ್ದ ಓಲೆ ನಂದು" ಎಂದಳು ಭೂತಮ್ಮ. "ಗದ್ದೇಲಿ ನಾಟಿ ಹಾಕುವಾಗ ಬಿದ್ದೋಯ್ತು. ಮೂರು ದಿನ ಕೆಸರು ಸೋಸಿದ್ದೆ. ಸಿಗ್ಲಿಲ್ಲ."

ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಯಾವುದು ಯಾವಾಗ ಮಾಡಿಸಿದ್ದು, ಎಲ್ಲಿ ನೆಗ್ಗಿತ್ತು, ಯಾವ ಮಗುವಿನ ನಾಮಕರಣಕ್ಕೆ ಬಂದಿದ್ದು. "ಸುಳ್ಳು ಹೇಳ್ತಾವೆ ಸಾಹೇಬ್ರೆ, ಯಾರೋ ಎತ್ತಿಕಟ್ಟವ್ರೆ" ಎಂದು ಸಾವ್ಕಾರ್ರು ಎದ್ದು ನಿಂತರು. ಸರ್ವೇಯರ್ ಸುಮ್ಮನೆ ಫೈಲಿನ ಹಾಳೆ ತಿರುವಿದ.

"ಬ್ಯಾಂಕಿನ ರಿಜಿಸ್ಟರ್‌ನಲ್ಲಿ ಕಳ್ಳತನದ ಹಿಂದಿನ ಗುರುವಾರ ಮೇಡಂ ಸಹಿ ಇದೆ. ಅವತ್ತು ಲಾಕರ್‌ನಿಂದ ಏನು ತೆಗೆದ್ರಿ ಮೇಡಂ?"

ಸುಮಿತ್ರಮ್ಮ ಎದ್ದು ಒಳಗೆ ಹೋದರು.

ಸರ್ವೇಯರ್ ಕೆಂಪು ಪೆನ್ನು ತೆಗೆದು ಪಟ್ಟಿಯ ಮೇಲೆ ಗೆರೆ ಎಳೆಯುತ್ತಾ ಹೋದ. ಓಲೆ ಹೋಯಿತು. ಕಡಗ ಹೋಯಿತು. ಗುಂಡಿನ ಸರ ಹೋಯಿತು. ಗೆರೆ ಕೊನೆಯತನಕ ಬಂದಾಗ ಪಟ್ಟಿಯಲ್ಲಿ ಏನೂ ಉಳಿಯಲಿಲ್ಲ. ಅವನು ತಲೆ ಎತ್ತಿ ಹೆಂಗಸರನ್ನು ನೋಡಿದ.

"ನಿಮಗೆ ಅರ್ಥ ಆಗ್ತಿದೆ ತಾನೆ? ಪಾಲಿಸಿ ಈ ಮನೆಯವರದ್ದು. ನಿಮ್ಮ ಹೆಸರಿನಲ್ಲಿ ಏನೂ ಇಲ್ಲ. ನಿಮಗೆ ಕಂಪನಿಯಿಂದ ಒಂದು ರೂಪಾಯಿಯೂ ಬರಲ್ಲ."

"ಗೊತ್ತು ಸಾರ್" ಎಂದಳು ಚೌಡಮ್ಮ. "ನಮ್ದು ಅಂತ ಬರ್ಕಳಿ."

ಅವನು ಕಾರ್ಬನ್ ಇಟ್ಟು ಹನ್ನೊಂದು ಜನರ ಹೇಳಿಕೆ ಬರೆದುಕೊಂಡ. ಹೆಬ್ಬೆಟ್ಟಿಗೆ ಶಾಯಿ ಡಬ್ಬಿ ಮುಂದೆ ಚಾಚಿದಾಗ ಯಾರೂ ಕೈ ನೀಡಲಿಲ್ಲ. "ಮೊದ್ಲು ಅವ್ಳು ಓದ್ಲಿ" ಎಂದಳು ಭೂತಮ್ಮ. ನಯನಾ ಗಟ್ಟಿಯಾಗಿ ಓದಿದಳು. ಒಂದು ಕಡೆ 'ಕೆಲಸದವಳ ಒಡವೆ' ಎಂದಿತ್ತು, ಹೆಸರು ಬರೆಸಿದಳು. ಆಮೇಲೆ ಒತ್ತಿದರು. ಪ್ರತಿ ಕೇಳಿದರು. ಅವನು ಸ್ವಲ್ಪ ಯೋಚಿಸಿ, ಕೆಳಗಿನ ಹಾಳೆಗಳನ್ನು ಹರಿದು ಕೊಟ್ಟ.

ಕಾರು ಗೇಟು ದಾಟುವ ಮುಂಚೆಯೇ ಸಾವ್ಕಾರ್ರ ಬಾಯಿಂದ ಬರಬಾರದ ಮಾತೆಲ್ಲ ಬಂತು. ಹೆಂಗಸರು ನಿಂತು ಕೇಳಲಿಲ್ಲ. ಲೈನಿಗೆ ಬಂದರೆ ಸುಬ್ಬಯ್ಯ ಇಬ್ಬರನ್ನು ಕರೆದುಕೊಂಡು ಚೌಡಮ್ಮನ ಪಾತ್ರೆ ಎಸೆಯಲು ಆಗಲೇ ಬಂದಿದ್ದ. ಜವರಪ್ಪ ಮರ ಕಡಿಯುವ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದ.

"ಸೂರ್ಯ ಮುಳುಗೋ ಗಂಟ ಟೈಮ್ ಐತೆ ಅಂದವ್ರೆ ಸಾವ್ಕಾರ್ರು" ಎಂದ ಜವರಪ್ಪ. "ಮುಳುಗ್ಲಿ. ನೀನೂ ಕೂತ್ಕ ಬಾ ಮಾರಾಯ."

ಸುಬ್ಬಯ್ಯ ಕೂರಲಿಲ್ಲ, ಒಳಗೂ ಹೋಗಲಿಲ್ಲ. ಪಕ್ಕದ ಮನೆಗಳ ಗಂಡಸರು ಒಬ್ಬೊಬ್ಬರಾಗಿ ಬಂದು ಜವರಪ್ಪನ ಹತ್ತಿರ ಕೂತರು.

ಹನ್ನೊಂದು ಹೆಂಗಸರು ಅಲ್ಲಿ ನಿಲ್ಲದೆ ಬೆಳಗೋಡಿಗೆ ನಡೆದು ಬಸ್ಸು ಹತ್ತಿದರು. ಸಕಲೇಶಪುರದ ಸ್ಟೇಷನ್ನಿನಲ್ಲಿ ಬರೆಯುವ ಪೇದೆ ಅವರನ್ನು ನೋಡಿ ಮುಖ ಗಂಟಿಕ್ಕಿದ.

"ಲಾಕರ್ ಕೇಸಾ? ಬಸವರಾಜು ಅವರು ಕಂಪ್ಲೇಂಟ್ ಕೊಟ್ಟಾಗಿದೆ. ಒಂದೇ ಒಡವೆಗೆ ಎರಡು ಕಂಪ್ಲೇಂಟ್ ಬರೆಯೋಕಾಗಲ್ಲ."

"ಅದು ಸುಳ್ಳು ಕಂಪ್ಲೇಂಟು, ಇದು ನಿಜದ್ದು" ಎಂದಳು ಚೌಡಮ್ಮ. "ಅದನ್ನ ಹರ್ದಾಕಿ, ಇದನ್ನ ಬರ್ಕಳಿ." ಕಾರ್ಬನ್ ಪ್ರತಿಗಳನ್ನು ಮೇಜಿನ ಮೇಲಿಟ್ಟಳು.

"ಸಾಹೇಬರು ಬರಲಿ."

ಸಾಹೇಬರು ಮಧ್ಯಾಹ್ನದವರೆಗೆ ಬರಲಿಲ್ಲ. ಹೆಂಗಸರು ವರಾಂಡದ ನೆಲದ ಮೇಲೆ ಸಾಲಾಗಿ ಕೂತರು. ಲಾಕರು ಕಳೆದುಕೊಂಡ ಮೇಷ್ಟ್ರು ತಮ್ಮ ಕೇಸು ಏನಾಯಿತೆಂದು ವಿಚಾರಿಸಲು ಬಂದವರು ಇವರ ಮಾತು ಕೇಳಿ ಹಾಳೆ ಓದಿದರು. ಓದಿ ಕುರ್ಚಿ ಬಿಟ್ಟು ಅವರ ಸಾಲಿನ ಕೊನೆಯಲ್ಲಿ ನೆಲಕ್ಕೆ ಕೂತರು. ಮೂರು ಗಂಟೆಗೆ ಒಳಗಿಂದ ಯಾರೋ, "ಬರ್ಕೊಂಡು ಕಳಿಸಯ್ಯ ಅತ್ಲಾಗೆ" ಎಂದರು.

ಪೇದೆ ಪುಸ್ತಕ ಬಿಚ್ಚಿದ. ಮೊದಲು ಭೂತಮ್ಮನನ್ನು ಕರೆದ, ವಯಸ್ಸಾದವಳೆಂದು.

"ಏನು ಹೋಗಿದ್ದು?"

"ಓಲೆ, ಒಂದ್ ಜೊತೆ."

"ಮಾಲೀಕರ ಹೆಸರು?"

"ಬಸವರಾಜು ಸಾವ್ಕಾರ್ರು" ಎಂದುಬಿಟ್ಟಳು ಭೂತಮ್ಮ. ಆ ಪ್ರಶ್ನೆಗೆ ಬದುಕೆಲ್ಲ ಅವಳು ಕೊಟ್ಟಿದ್ದು ಅದೊಂದೇ ಉತ್ತರ.

ಚೌಡಮ್ಮ ಅವಳ ತೋಳು ಹಿಡಿದಳು. "ಎಸ್ಟೇಟಿನ ಮಾಲೀಕ್ರಲ್ಲ ಕಣಕ್ಕ. ಓಲೆ ಮಾಲೀಕ್ರು ಯಾರು ಅಂತ ಕೇಳ್ತಾವ್ರೆ."

ಭೂತಮ್ಮ ಪೇದೆಯ ಮುಖ ನೋಡಿದಳು. ಬರೆಯಲು ಕಾದಿದ್ದ ಪೆನ್ನು ನೋಡಿದಳು.

"ಹಂಗಾರೆ ನಾನು" ಎಂದಳು. "ಭೂತಮ್ಮ ಅಂತ ಬರಿ."